ಮೂರು ನಳಿಗೆಯ ಜರ್ಮನ್ ಕೋವಿ: ಹಳೆಯ ಡ್ರಿಲ್ಲಿಂಗ್ ಕೊಳ್ಳುವಾಗ, ಸರಿಪಡಿಸುವಾಗ

ಜರ್ಮನ್ ಭಾಷೆಯಲ್ಲಿ ‘ಡ್ರೈ’ ಎಂದರೆ ಮೂರು. ಮೂರು ನಳಿಗೆಯ ಬೇಟೆ ಕೋವಿಗೆ ‘ಡ್ರಿಲ್ಲಿಂಗ್’ ಎಂಬ ಹೆಸರು ಬಂದದ್ದು ಅದರಿಂದ. ಮೇಲೆ ಅಕ್ಕಪಕ್ಕ ಎರಡು ಚರೆ ನಳಿಗೆ (ಸಣ್ಣ ಉಂಡೆಗಳನ್ನು ಗುಂಪಾಗಿ ಹಾರಿಸುವುದು), ಅವುಗಳ ಸಂದಿನ ಕೆಳಗೆ ಒಂದು ರೈಫಲ್ ನಳಿಗೆ (ಒಳಗೆ ಸುರುಳಿ ಗೀರುಗಳಿದ್ದು ಒಂಟಿ ಗುಂಡು ಹಾರಿಸುವುದು): ಹೆಚ್ಚಾಗಿ ಕಾಣಸಿಗುವ ಜೋಡಣೆ ಇದು. ಒಂದು ಚರೆ, ಒಂದು ರೈಫಲ್ ಮಾತ್ರ ಇದ್ದರೆ ಬ್ಯುಕ್ಸ್‌ಫ್ಲಿಂಟೆ. ಎರಡು ರೈಫಲ್ ನಳಿಗೆಗೆ ಒಂದು ಚರೆ ನಳಿಗೆ ಸೇರಿದರೆ ಡೊಪ್ಪೆಲ್‌ಬ್ಯುಕ್ಸ್‌ಡ್ರಿಲ್ಲಿಂಗ್. ನಾಲ್ಕು ನಳಿಗೆಯ ಫೀರ್ಲಿಂಗ್ ಕೂಡ ಉಂಟು. ಮಧ್ಯ ಯುರೋಪಿನ ಕಾಡಂಚಿನಲ್ಲಿ ಒಂದೇ ಸಂಜೆ ಮೊಲವೋ ನರಿಯೋ ಜಿಂಕೆಯೋ ಕಾಡುಹಂದಿಯೋ ಎದುರಾಗಬಹುದು. ಮೊಲಕ್ಕೆ ಚರೆ ಬೇಕು, ಹಂದಿಗೆ ಗುಂಡು ಬೇಕು. ಎರಡು ಕೋವಿ ಹೊತ್ತು ತಿರುಗುವ ಬದಲು ಒಂದರಲ್ಲೇ ಎರಡನ್ನೂ ಇಟ್ಟುಕೊಳ್ಳುವ ಉಪಾಯ ಇದು.

ಈ ಕಸುಬಿನ ತವರು ತೂರಿಂಗಿಯಾ ಪ್ರಾಂತದ ಸೂಲ್ ಪಟ್ಟಣ. 1751ರಲ್ಲಿ ಶುರುವಾದ ಜೆ.ಪಿ. ಸಾವರ್, 1886ರ ಕ್ರೀಗ್‌ಹಾಫ್, 1898ರ ಮೆರ್ಕೆಲ್ ಮೂರೂ ಅಲ್ಲಿಯವು. ಎರಡನೆಯ ಮಹಾಯುದ್ಧದ ಬಳಿಕ ಸೂಲ್ ಪೂರ್ವ ಜರ್ಮನಿಗೆ ಸೇರಿತು. ಸಾವರ್ ಉತ್ತರದ ಎಕರ್ನ್‌ಫೋರ್ಡೆಗೂ ಕ್ರೀಗ್‌ಹಾಫ್ ದಕ್ಷಿಣದ ಉಲ್ಮ್‌ಗೂ ಹೋದವು. ಮೆರ್ಕೆಲ್ ಅಲ್ಲೇ ಉಳಿಯಿತು. ಹಾಗಾಗಿ ಮಾರುಕಟ್ಟೆಗೆ ಬರುವ ಹಳೆಯ ಡ್ರಿಲ್ಲಿಂಗ್‌ಗಳಲ್ಲಿ ಎರಡು ಬಗೆ ಎದ್ದು ಕಾಣುತ್ತವೆ: ಯುದ್ಧಕ್ಕೆ ಮುಂಚಿನ ಸೂಲ್ ಕೋವಿಗಳು ಮತ್ತು 1950ರ ನಂತರದವು. ಇಲ್ಲಿ ಮುಖ್ಯವಾಗಿ ಮೊದಲನೆಯ ಬಗೆಯ ಬಗ್ಗೆ, ಅದರಲ್ಲೂ 16 ಬೋರಿನ (ಬೋರು ಎಂದರೆ ಚರೆ ನಳಿಗೆಯ ವ್ಯಾಸದ ಅಳತೆ) ಎರಡು ಚರೆ ನಳಿಗೆ, 8 ಮಿ.ಮೀ. ಅಥವಾ 9.3 ಮಿ.ಮೀ.ನ ಒಂದು ರೈಫಲ್ ನಳಿಗೆ ಇರುವ ಕೋವಿಯ ಬಗ್ಗೆ ಬರೆದಿದೆ. ಎಚ್ಚರ ಹೆಚ್ಚು ಬೇಕಾದದ್ದು ಅದಕ್ಕೇ.

ಡ್ರಿಲ್ಲಿಂಗನ್ನು ಮೂರು ಕೋವಿಗಳ ಕಟ್ಟು ಎಂದುಕೊಂಡರೆ ಕೆಲಸ ಕೆಡುತ್ತದೆ. ಮೂರು ನಳಿಗೆಗಳು, ಅವುಗಳ ನಡುವಿನ ಪಟ್ಟಿಗಳು ಎಲ್ಲವೂ ತವರ ಸೀಸದ ಬೆಸುಗೆಯಲ್ಲಿ ಒಂದಾದ ವಸ್ತು ಅದು. ಒಂದನ್ನು ಮುಟ್ಟಿದರೆ ಮೂರೂ ಅಲುಗುತ್ತವೆ. ಇಂಥ ಕೋವಿಗಳು ಹಾಳಾಗುವುದು ಬಹುಪಾಲು ಎರಡೇ ಕಾರಣಕ್ಕೆ: ಅಳತೆ ನೋಡದೆ ತುರುಕಿದ ತೋಟಾ, ಬೆಸುಗೆಯ ನೆನಪಿಲ್ಲದೆ ಮಾಡಿದ ಬಣ್ಣ.

ನಳಿಗೆಯ ಅಡಿಯ ಮುದ್ರೆಗಳು

ನಳಿಗೆಗಳನ್ನು ಕಳಚಿ ತಿರುಗಿಸಿ ಹಿಡಿದರೆ ಅಡಿಯ ಚಪ್ಪಟೆ ಭಾಗದಲ್ಲಿ ಸಾಲು ಸಾಲು ಮುದ್ರೆಗಳು ಕಾಣುತ್ತವೆ. ಹೊರಗಿನ ಕೆತ್ತನೆ, ಓಕ್ ಎಲೆ, ಜಿಂಕೆಯ ಚಿತ್ರ ಎಲ್ಲ ಆಮೇಲೆ. ಬೆಲೆ ಮಾತಾಡುವ ಮೊದಲು ಓದಬೇಕಾದ್ದು ಇವನ್ನು.

1891ರ ಕಾನೂನಿನಂತೆ 1893ರಿಂದ ಜರ್ಮನಿಯಲ್ಲಿ ಪ್ರತಿ ಕೋವಿಯನ್ನೂ ಸರ್ಕಾರಿ ಪರೀಕ್ಷಾಲಯದಲ್ಲಿ ಹೆಚ್ಚಿನ ಒತ್ತಡದ ಈಡು ಹೊಡೆದು ನೋಡಿ ಮುದ್ರೆ ಹಾಕುತ್ತಿದ್ದರು. ಕಿರೀಟದ ಕೆಳಗೆ ‘ಯು’ ಇದ್ದರೆ ಪರೀಕ್ಷೆಯ ನಂತರದ ತಪಾಸಣೆ ಮುಗಿದಿದೆ ಎಂದು ಅರ್ಥ. ‘ಜಿ’ ಗೀರು ಇರುವ ರೈಫಲ್ ನಳಿಗೆಗೆ, ‘ಎಸ್’ ನಯವಾದ ಚರೆ ನಳಿಗೆಗೆ, ‘ಡಬ್ಲ್ಯೂ’ ತುದಿ ಕಿರಿದಾದ ಚೋಕ್ ನಳಿಗೆಗೆ. ಹಳೆಯ ಚೋಕ್ ನಳಿಗೆಗಳ ಮೇಲೆ ‘ನಿಖ್ಟ್ ಫ್ಯೂರ್ ಕೂಗೆಲ್’ ಎಂದೂ ಇರುತ್ತದೆ: ಇದರಲ್ಲಿ ಒಂಟಿ ಗುಂಡು ಹಾಕಬೇಡಿ ಎಂದು. ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆ ಆಗಿದ್ದರೆ ಕಿರೀಟದ ಕೆಳಗೆ ‘ಎನ್’ ಅಥವಾ ‘ನಿಟ್ರೋ’ ಎಂಬ ಪದ ಇರುತ್ತದೆ. 1940ರಿಂದ ಕಿರೀಟ ಹೋಗಿ ಹದ್ದು ಬಂತು, ಹದ್ದಿನ ಕೆಳಗೆ ‘ಎನ್’.

ರೈಫಲ್ ನಳಿಗೆಯ ಮೇಲಿನ ಅಂಕಿ ಹೊಸಬರನ್ನು ತಬ್ಬಿಬ್ಬು ಮಾಡುತ್ತದೆ. ಸುಮಾರು 1912ರವರೆಗೆ ಅದರ ವ್ಯಾಸವನ್ನೂ ಚರೆ ಕೋವಿಯ ಬೋರಿನ ಲೆಕ್ಕದಲ್ಲೇ ಬರೆಯುತ್ತಿದ್ದರು. ‘118,35’ ಎಂದಿದ್ದರೆ, ಒಂದು ಪೌಂಡ್ ಸೀಸದಿಂದ ಅಷ್ಟು ಸಂಖ್ಯೆಯ ಗುಂಡು ಮಾಡಿದಾಗ ಒಂದೊಂದೂ ಎಷ್ಟು ದಪ್ಪವೋ ಅಷ್ಟು ವ್ಯಾಸ. ಲೆಕ್ಕ ಹಾಕಿದರೆ 8.6 ಮಿ.ಮೀ. ದಾಟುತ್ತದೆ, ಇದು ಬಹುಮಟ್ಟಿಗೆ 9.3 ಮಿ.ಮೀ. ತೋಟಾದ ನಳಿಗೆ. ‘172,28’ ಎಂದರೆ 7.62 ಮಿ.ಮೀ.ನ ಆಸುಪಾಸು, ಅದು 8 ಮಿ.ಮೀ. ಕುಟುಂಬದ್ದು. ಆಮೇಲಿನ ಕೋವಿಗಳಲ್ಲಿ ನೇರವಾಗಿ ‘7,8 ಮಿ.ಮೀ./57’ ಅಥವಾ ‘8,7 ಮಿ.ಮೀ./72’ ಎಂದಿರುತ್ತದೆ. ಮೊದಲನೆಯದು ಗೀರುಗಳ ನಡುವಿನ ದಿಣ್ಣೆಯಿಂದ ದಿಣ್ಣೆಗೆ ಅಳೆದ ವ್ಯಾಸ, ಎರಡನೆಯದು ತೋಟಾದ ಹಿತ್ತಾಳೆ ಕವಚದ ಉದ್ದ. ಜರ್ಮನರು ದಶಮಾಂಶಕ್ಕೆ ಚುಕ್ಕಿಯ ಬದಲು ಅಲ್ಪವಿರಾಮ ಹಾಕುತ್ತಾರೆ ಎಂಬುದನ್ನು ನೆನಪಿಡಿ.

‘7.28’ ಎಂಬಂಥ ಅಂಕಿ ಕಂಡರೆ ಅದು 1928ರ ಜುಲೈ, ಪರೀಕ್ಷೆಯ ತಿಂಗಳು ಮತ್ತು ವರ್ಷ. ಪಶ್ಚಿಮ ಜರ್ಮನಿಯ ಕೋವಿಗಳಲ್ಲಿ ವರ್ಷವನ್ನು ಎರಡು ಅಕ್ಷರಗಳಲ್ಲಿ ಅಡಗಿಸಿರುತ್ತಾರೆ. ‘ಎ’ ಸೊನ್ನೆ, ‘ಬಿ’ ಒಂದು, ಹೀಗೆ ‘ಐ’ ಎಂಟು, ‘ಜೆ’ ಬಿಟ್ಟು ‘ಕೆ’ ಒಂಬತ್ತು. ‘ಎಚ್‌ಸಿ’ ಅಂದರೆ 72. ಪಕ್ಕದಲ್ಲಿ ಜಿಂಕೆ ಕೊಂಬಿನ ಚಿಹ್ನೆ ಇದ್ದರೆ ಪರೀಕ್ಷೆ ನಡೆದದ್ದು ಉಲ್ಮ್‌ನಲ್ಲಿ.

ಮುದ್ರೆ ಹೇಳುವುದು ಕೋವಿ ಕಾರ್ಖಾನೆಯಿಂದ ಹೊರಬಿದ್ದ ದಿನದ ಸಂಗತಿ. ಆಮೇಲೆ ಯಾರಾದರೂ ಛೇಂಬರನ್ನು, ಅಂದರೆ ನಳಿಗೆಯ ಹಿಂಬದಿಯಲ್ಲಿ ತೋಟಾ ಕೂರುವ ಗೂಡನ್ನು, ಕೊರೆದಿದ್ದರೆ ಮುದ್ರೆಗೆ ಅದು ಗೊತ್ತಿರುವುದಿಲ್ಲ. 1945ರ ನಂತರ ಅಮೆರಿಕದ ಸೈನಿಕರು ಹೊತ್ತೊಯ್ದ ಡ್ರಿಲ್ಲಿಂಗ್‌ಗಳಲ್ಲಿ ಇಂಥ ಕೊರೆತ ಮಾಮೂಲು: ಅಲ್ಲಿ ಜರ್ಮನ್ ತೋಟಾ ಸಿಗುತ್ತಿರಲಿಲ್ಲ, ಸಿಗುವ ತೋಟಾಕ್ಕೆ ಕೋವಿಯನ್ನೇ ಹೊಂದಿಸಿದರು.

ಕೈಗೆತ್ತಿಕೊಂಡಾಗ ನೋಡುವುದು

ಮೊದಲು ಕೋವಿ ಖಾಲಿ ಇದೆಯೇ ನೋಡಿ, ಮೂರೂ ನಳಿಗೆಯಲ್ಲಿ. ಮೇಲಿನ ಎರಡನ್ನು ನೋಡಿ ಕೆಳಗಿನದನ್ನು ಮರೆಯುವುದು ಈ ಕೋವಿಯಲ್ಲಿ ಆಗುವ ಅತಿ ಸಾಮಾನ್ಯ ಮತ್ತು ಅತಿ ಅಪಾಯದ ತಪ್ಪು. ಸ್ಟಾಕಿನ, ಅಂದರೆ ಹಿಂಬದಿಯ ಮರದ ಹಿಡಿಯ, ಹೊಟ್ಟೆಯಲ್ಲಿ ಮುಚ್ಚಳವಿರುವ ತೋಟಾ ಗೂಡು ಇದ್ದರೆ ಅದನ್ನೂ ತೆರೆಯಿರಿ. ಹಳೆಯ ತೋಟಾಗಳು ಅಲ್ಲೇ ಕೂತಿರುವುದುಂಟು. ಅವು ಆ ಕೋವಿ ಯಾವ ತೋಟಾ ಉಣ್ಣುತ್ತಿತ್ತು ಎಂಬುದಕ್ಕೆ ಸುಳಿವೂ ಹೌದು.

ಆಮೇಲೆ ನಳಿಗೆಯ ಕೆಳಗಿನ ಮುಂಗೈ ಮರವನ್ನು ಕಳಚಿ, ಕೋವಿಯನ್ನು ಮುಚ್ಚಿ, ಸ್ಟಾಕನ್ನು ಕಂಕುಳಲ್ಲಿ ಒತ್ತಿ ಹಿಡಿದು ನಳಿಗೆಯನ್ನು ಎಡಬಲ, ಮೇಲೆ ಕೆಳಗೆ ಅಲುಗಿಸಿ. ಮುಂಗೈ ಮರ ಇದ್ದಾಗ ಅದರ ಸ್ಪ್ರಿಂಗ್ ಒತ್ತಡ ಸಡಿಲವನ್ನು ಮರೆಮಾಡುತ್ತದೆ. ಮಾರುವವರು ಅದನ್ನು ಕಳಚದೆ ತೋರಿಸುವುದೂ ಉಂಟು. ನಳಿಗೆಯ ಹಿಂಬದಿಗೂ ಅದು ಒರಗುವ ಉಕ್ಕಿನ ಗೋಡೆಗೂ ನಡುವೆ ಬೆಳಕು ಕಾಣಬಾರದು. 0.05 ಮಿ.ಮೀ. ದಪ್ಪದ ಫೀಲರ್ ಗೇಜ್ ಹಾಳೆಯನ್ನು ಇಟ್ಟು ಮುಚ್ಚಿದರೆ ಅದು ಬಿಗಿಯಾಗಿ ಕಚ್ಚಿಕೊಳ್ಳಬೇಕು. ಇಲ್ಲಿ ಸಡಿಲವಿದ್ದರೆ ಬುಡದಲ್ಲಿ ಅಂಚಿರುವ ತೋಟಾ ಹಿಂದಕ್ಕೆ ಸರಿಯಲು ಜಾಗ ಸಿಗುತ್ತದೆ, ಬುಡದ ಹತ್ತಿರ ಹಿತ್ತಾಳೆ ಹರಿಯುತ್ತದೆ. ಸರಿಯಾದ ರಿಪೇರಿ ಎಂದರೆ ಕೀಲಿನ ಪಿನ್ನನ್ನು ತುಸು ದಪ್ಪದ್ದಕ್ಕೆ ಬದಲಿಸುವುದು ಅಥವಾ ನಳಿಗೆಯ ಅಡಿಯಲ್ಲಿ ಆ ಪಿನ್ನನ್ನು ಹಿಡಿಯುವ ಕೊಕ್ಕೆಗೆ ಲೋಹ ಸೇರಿಸಿ ಒರೆದು ಕೂರಿಸುವುದು. ಸುತ್ತಿಗೆಯಲ್ಲಿ ಬಡಿದು ಹಿಗ್ಗಿಸಿದ ಗುರುತು ಕಂಡರೆ ಆ ಕೋವಿಯನ್ನು ಕೆಳಗಿಡಿ, ಏಕೆಂದರೆ ಬಡಿದದ್ದು ನಾಲ್ಕು ದಿನದಲ್ಲಿ ಮತ್ತೆ ಸಡಿಲವಾಗುತ್ತದೆ.

ಬೆಸುಗೆ ಗಟ್ಟಿ ಇದೆಯೇ ಎಂಬುದನ್ನು ಕಿವಿಯೇ ಹೇಳುತ್ತದೆ. ನಳಿಗೆ ಜೋಡಣೆಯನ್ನು ಕೊಕ್ಕೆಯಿಂದ ದಾರದಲ್ಲಿ ತೂಗುಬಿಟ್ಟು ಮರದ ಪೆನ್ಸಿಲಿನಿಂದ ಮೆಲ್ಲಗೆ ತಟ್ಟಿ. ಗಂಟೆಯಂತೆ ಎಳೆದ ನಾದ ಬಂದರೆ ಒಳ್ಳೆಯದು. ಒಡಕು ಕೊಡಪಾನದ ಹಾಗೆ ‘ಜರ್’ ಎಂದರೆ ಎಲ್ಲೋ ಪಟ್ಟಿ ಬಿಟ್ಟಿದೆ. ಬೆಲ್ಟಿನ ಬಳೆ, ಮಡಚುವ ಗುರಿಗಣ್ಣು ಕೂಡ ಜರ್ ಎನ್ನುತ್ತವೆ. ತಟ್ಟುವ ಮೊದಲು ಅವನ್ನು ಬೆರಳಲ್ಲಿ ಅದುಮಿ ಹಿಡಿಯಬೇಕು.

ನಳಿಗೆಯ ಒಳಗನ್ನು ಕಿಟಕಿಯ ಅಡ್ಡಪಟ್ಟಿಯ ಕಡೆ ಹಿಡಿದು ನೋಡಿ. ಪಟ್ಟಿಯ ನೆರಳು ಒಳಗೋಡೆಯ ಮೇಲೆ ನೇರ ಗೆರೆಯಾಗಿ ಬೀಳುತ್ತದೆ. ಗೆರೆ ಎಲ್ಲಿ ಮುರಿದು ಕಪ್ಪು ಉಂಗುರವಾಗುತ್ತದೋ ಅಲ್ಲಿ ನಳಿಗೆ ಉಬ್ಬಿದೆ. ಚರೆ ನಳಿಗೆ ಕನ್ನಡಿಯಂತಿದ್ದು ರೈಫಲ್ ನಳಿಗೆ ಮಾತ್ರ ಗುಳಿ ಬಿದ್ದಿರುವುದು ಯುದ್ಧಪೂರ್ವದ ಕೋವಿಗಳಲ್ಲಿ ತೀರಾ ಸಾಮಾನ್ಯ. ಆಗಿನ ಕೇಪಿನಲ್ಲಿದ್ದ ಪೊಟ್ಯಾಸಿಯಂ ಕ್ಲೋರೇಟ್ ಉರಿದು ಒಂದು ಬಗೆಯ ಉಪ್ಪಾಗಿ ಒಳಗೆ ಕೂರುತ್ತಿತ್ತು. ಅಡುಗೆ ಉಪ್ಪಿನ ಹಾಗೆ ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಎಣ್ಣೆಯಿಂದ ಹೋಗುವುದಿಲ್ಲ, ನೀರಿಗೇ ಕರಗಬೇಕು. ಅಂದು ಸಂಜೆ ಬಿಸಿನೀರು ಹಾಯಿಸದವನ ನಳಿಗೆ ಒಳಗಿಂದ ತಿಂದುಹೋಯಿತು. ಸಣ್ಣ ಗುಳಿಗಳಿದ್ದರೂ ಗೀರುಗಳ ಅಂಚು ಚೂಪಾಗಿದ್ದರೆ ಗುರಿ ಕೆಡುವುದು ಕಡಿಮೆ. ಛೇಂಬರಿನಲ್ಲೇ ಗುಳಿ ಇದ್ದರೆ ಬೇಡ. ಖಾಲಿ ತೋಟಾ ಅಲ್ಲಿ ಅಂಟಿಕೊಳ್ಳುತ್ತದೆ.

ಮೂಲ ದೂರದರ್ಶಕ ಮತ್ತು ಅದರ ಉಗುರು ಹಿಡಿ, ಅಂದರೆ ಸೂಲ್ ಶೈಲಿಯ ಕೊಕ್ಕೆ ಮೌಂಟ್ ಜೊತೆಗಿದ್ದರೆ ಅದಕ್ಕೆ ಹೆಚ್ಚು ಕೊಡುವುದು ನ್ಯಾಯ. ಆ ಕೊಕ್ಕೆಗಳನ್ನು ಆಯಾ ಕೋವಿಗೇ ಕೈಯಿಂದ ಒರೆದು ಕೂರಿಸಿರುತ್ತಾರೆ. ಇನ್ನೊಂದು ಕೋವಿಯದು ಇದಕ್ಕೆ ಕೂರುವುದಿಲ್ಲ, ಹೊಸದಾಗಿ ಮಾಡಿಸುವುದು ಬಹಳ ದುಬಾರಿ.

ತೋಟಾ ಯಾವುದು ಎಂದು ತೀರ್ಮಾನಿಸುವುದು

ಚರೆ ನಳಿಗೆಯಿಂದ ಶುರುಮಾಡೋಣ. ಯುದ್ಧಪೂರ್ವದ 16 ಬೋರಿನ ಜರ್ಮನ್ ಛೇಂಬರ್ 65 ಮಿ.ಮೀ. ಉದ್ದ. ಇಂದು ಅಂಗಡಿಯಲ್ಲಿ ಸಿಗುವುದು ಬಹುತೇಕ 70 ಮಿ.ಮೀ. ತೋಟಾ. ಇಲ್ಲಿರುವ ಬಲೆ ಏನೆಂದರೆ 70ರ ತೋಟಾ 65ರ ಛೇಂಬರಿಗೆ ಯಾವ ತಡೆಯೂ ಇಲ್ಲದೆ ಇಳಿಯುತ್ತದೆ. ಡಬ್ಬದ ಮೇಲಿನ 70 ಎಂಬುದು ಈಡು ಹಾರಿ ಬಾಯಿ ಬಿಚ್ಚಿದ ಮೇಲಿನ ಉದ್ದ; ಬಾಯಿ ಮಡಚಿದ್ದಾಗ ಅದು 60 ಮಿ.ಮೀ.ನ ಆಸುಪಾಸಿನಲ್ಲಿರುತ್ತದೆ. ಈಡು ಹಾರಿದಾಗ ಮಡಿಕೆ ಬಿಚ್ಚಿ ಮುಂದಿನ ಕಿರಿದಾದ ಭಾಗಕ್ಕೆ ಚಾಚುತ್ತದೆ, ಚರೆ ಹೋಗಬೇಕಾದ ದಾರಿ ಕಿರಿದಾಗುತ್ತದೆ, ಒತ್ತಡ ಏರುತ್ತದೆ. ಕೋವಿ ಅಂದೇ ಸಿಡಿಯದೇ ಇರಬಹುದು. ಆದರೆ ಕೀಲು ಸಡಿಲವಾಗುವುದು, ಸ್ಟಾಕಿನ ಕತ್ತಿನಲ್ಲಿ ಬಿರುಕು ಬಿಡುವುದು ಹೀಗೆ ಶುರುವಾಗುತ್ತದೆ. ಛೇಂಬರ್ ಗೇಜ್ ಹಾಕಿ ಅಳೆಯಿರಿ. 65 ಬಂದರೆ 65ರ ತೋಟಾ ತರಿಸಿ. ಸುಮಾರು 27 ಗ್ರಾಂ ಚರೆಯದು ಯುರೋಪಿನಲ್ಲಿ ಇನ್ನೂ ಸಿಗುತ್ತದೆ. ಛೇಂಬರನ್ನು 70ಕ್ಕೆ ಕೊರೆಸುವ ಸಲಹೆ ಕೊಡುವವರು ಇದ್ದೇ ಇರುತ್ತಾರೆ. ಬೇಡ. ಗೋಡೆ ತೆಳುವಾಗುತ್ತದೆ, ಮರುಪರೀಕ್ಷೆ ಬೇಕಾಗುತ್ತದೆ, ಕೋವಿಯ ಮೂಲ ಸ್ಥಿತಿ ಶಾಶ್ವತವಾಗಿ ಹೋಗುತ್ತದೆ. ಉಕ್ಕಿನ ಚರೆಯೂ ಈ ಚೋಕ್‌ಗಳಿಗೆ ಅಲ್ಲ. ಯುರೋಪಿಯನ್ ಒಕ್ಕೂಟದಲ್ಲಿ 2023ರ ಫೆಬ್ರವರಿಯಿಂದ ಜೌಗು ಪ್ರದೇಶಗಳ ಸುತ್ತ ಸೀಸದ ಚರೆಗೆ ನಿಷೇಧ ಇರುವುದರಿಂದ ಅಂಥ ಜಾಗಕ್ಕೆ ಬಿಸ್ಮತ್ ಚರೆಯೇ ದಾರಿ.

ರೈಫಲ್ ನಳಿಗೆಯಲ್ಲಿ ತೊಡಕು ಇನ್ನೂ ಸೂಕ್ಷ್ಮ. 8×57 ಎಂಬ ಹೆಸರಿನಲ್ಲಿ ಎರಡು ವ್ಯಾಸದ ಗುಂಡುಗಳಿವೆ. 1888ರ ಸೈನ್ಯದ ತೋಟಾದಿಂದ ಬಂದ ‘ಐ’ ಮಾದರಿಯ ಗುಂಡು ಸುಮಾರು 8.09 ಮಿ.ಮೀ. 1905ರ ಹೊತ್ತಿಗೆ ಸೈನ್ಯ ಅಪ್ಪಿಕೊಂಡ ‘ಎಸ್’ ಮಾದರಿಯದು 8.22 ಮಿ.ಮೀ. ಬೇಟೆ ಕೋವಿ ಮಾಡುವವರು ಅದಾದ ಮೇಲೂ ದಶಕಗಳ ಕಾಲ ‘ಐ’ ನಳಿಗೆಯನ್ನೇ ಮಾಡಿದರು. ಅಂಚಿರುವ ತೋಟಾಗಳಲ್ಲಿ ಇವೆರಡು 8×57 ಐಆರ್ ಮತ್ತು 8×57 ಐಆರ್‌ಎಸ್. ಹಳೆಯ ಜರ್ಮನ್ ಬರವಣಿಗೆಯಲ್ಲಿ ಐ ಮತ್ತು ಜೆ ಒಂದೇ ಥರ ಕಾಣುವುದರಿಂದ ‘ಜೆಆರ್’ ಎಂದೂ ಓದುತ್ತಾರೆ, ಎರಡೂ ಒಂದೇ. ವ್ಯತ್ಯಾಸ ಬರೀ 0.13 ಮಿ.ಮೀ., ಒಂದು ತಲೆಗೂದಲಿನಷ್ಟು. ಆದರೆ ದಪ್ಪ ಗುಂಡನ್ನು ಕಿರಿದಾದ ನಳಿಗೆಯಲ್ಲಿ ಹಿಂಡಿ ಕಳಿಸುವ ಒತ್ತಡ ಅಪಾಯದ್ದು. ಮುದ್ರೆ 7,8 ಎಂದಿದ್ದರೆ ಸಾಮಾನ್ಯವಾಗಿ ಐ, 7,9 ಎಂದಿದ್ದರೆ ಎಸ್. ಇದು ಅಂದಾಜು ಮಾತ್ರ.

ಖಚಿತವಾಗಲು ಸೀಸದ ಗುಂಡು ಹಾಯಿಸಬೇಕು. ನಳಿಗೆಗೆ ತೆಳ್ಳಗೆ ಎಣ್ಣೆ ಸವರಿ, ನಳಿಗೆಗಿಂತ ತುಸು ದಪ್ಪದ ಶುದ್ಧ ಮೆದು ಸೀಸದ ಉಂಡೆಯನ್ನು ಹಿತ್ತಾಳೆ ಕೋಲಿನಿಂದ ಹಿಂದಿನಿಂದ ಮುಂದಕ್ಕೆ ತಳ್ಳಿ. ಮೊದಲ ಹೊಡೆತಕ್ಕೆ ಅದು ಗೀರುಗಳೊಳಗೆ ಹಿಗ್ಗಿ ಕೂರುತ್ತದೆ. ಆಮೇಲೆ ಒಂದೇ ಸಮನೆ ಜಾರಬೇಕು. ನಡುವೆ ಎಲ್ಲಾದರೂ ಸಲೀಸಾಗಿ ಓಡಿದರೆ ಅಲ್ಲಿ ನಳಿಗೆ ಹಿಗ್ಗಿದೆ. ಹೊರಬಂದ ಸೀಸದ ಎತ್ತರದ ದಿಣ್ಣೆಗಳನ್ನು 0.01 ಮಿ.ಮೀ. ತೋರಿಸುವ ಮೈಕ್ರೋಮೀಟರಿನಲ್ಲಿ ಎದುರುಬದುರು ಅಳೆಯಿರಿ. ಸುಮಾರು 8.07 ಬಂದರೆ ಐ, 8.20 ಬಂದರೆ ಎಸ್.

9.3 ಮಿ.ಮೀ.ನದೂ ಹೀಗೆಯೇ. 9.3×72 ಆರ್ ಹಳೆಯ, ಮೃದುವಾದ ತೋಟಾ. ಅದರ ಗರಿಷ್ಠ ಒತ್ತಡ ಸುಮಾರು 2000 ಬಾರ್. 9.3×74 ಆರ್ ಹೆಸರಿನಲ್ಲಿ ಎರಡೇ ಅಂಕಿ ಮುಂದೆ, ಒತ್ತಡದಲ್ಲಿ 3400 ಬಾರ್. ಮೊದಲನೆಯದಕ್ಕೆ ಮಾಡಿದ ಕೋವಿಯನ್ನು ಎರಡನೆಯದಕ್ಕೆ ಕೊರೆಯಲು ಯಾರೂ ಕೈಹಾಕಬಾರದು.

ಛೇಂಬರಿನ ಆಕಾರ ತಿಳಿಯಲು ಸೆರೋಸೇಫ್ ಎಂಬ ಬಿಸ್ಮತ್ ಮಿಶ್ರಲೋಹದ ಅಚ್ಚು ತೆಗೆಯುತ್ತಾರೆ. ಅದು 70ರಿಂದ 88 ಡಿಗ್ರಿ ಸೆಲ್ಸಿಯಸ್ಸಿನಲ್ಲೇ ಕರಗುವುದರಿಂದ ಬೆಸುಗೆಗೆ ಅಪಾಯವಿಲ್ಲ. ಛೇಂಬರಿನಿಂದ ಎರಡು ಮೂರು ಸೆಂಟಿಮೀಟರ್ ಮುಂದೆ ಬಟ್ಟೆಯ ಬಿರಡೆ ಕೂರಿಸಿ, ನಳಿಗೆಯನ್ನು ನೆಟ್ಟಗೆ ನಿಲ್ಲಿಸಿ, ಒಂದೇ ಧಾರೆಯಲ್ಲಿ ಸುರಿಯಬೇಕು. ಗಟ್ಟಿಯಾದ ಮೇಲೆ ಮೊದಲ ಅರ್ಧ ಗಂಟೆ ಅದು ಕುಗ್ಗುತ್ತದೆ, ತೆಗೆಯುವುದು ಆಗಲೇ. ಒಂದು ಗಂಟೆಯ ಹೊತ್ತಿಗೆ ಛೇಂಬರಿನ ಸರಿಯಾದ ಅಳತೆಗೆ ಬರುತ್ತದೆ, ಆಮೇಲೆ ದಿನಗಟ್ಟಲೆ ಹಿಗ್ಗುತ್ತ ಹೋಗುತ್ತದೆ. ಮರುದಿನ ಅಳೆದರೆ ಅಳತೆ ತಪ್ಪು. ಇದರಲ್ಲಿ ಸೀಸ, ಕ್ಯಾಡ್ಮಿಯಂ ಇರುವುದರಿಂದ ಅಡುಗೆ ಪಾತ್ರೆ ಬಳಸಬೇಡಿ, ಕಿಟಕಿ ತೆರೆದಿಡಿ.

ಕಾಗದಪತ್ರ

ಜರ್ಮನಿಯಲ್ಲಿ ಬೇಟೆ ಪರೀಕ್ಷೆ ಪಾಸಾಗಿ ಯಾಗ್ಡ್‌ಷೈನ್, ಅಂದರೆ ಬೇಟೆ ಪರವಾನಗಿ, ಪಡೆದವರು ಉದ್ದ ಕೋವಿಯನ್ನು ಕೊಂಡು ಎರಡು ವಾರದೊಳಗೆ ತಮ್ಮ ಆಯುಧ ಪುಸ್ತಕದಲ್ಲಿ ನಮೂದು ಮಾಡಿಸಬೇಕು. ಅಲ್ಲಿ ನೆಲೆಸಿ ಈ ಹವ್ಯಾಸಕ್ಕೆ ಇಳಿಯುವ ಕನ್ನಡಿಗರಿಗೂ ದಾರಿ ಇದೇ. 2017ರ ನಂತರ ಹೊಸದಾಗಿ ಕೊಳ್ಳುವ ಕೋವಿ ಇಡುವ ಕಪಾಟು ಯುರೋಪಿನ ಇಎನ್ 1143-1 ಮಾನದಂಡದ್ದಾಗಿರಬೇಕು. ನಳಿಗೆ, ಛೇಂಬರ್, ಬೀಗದ ಭಾಗ ಬದಲಿಸಿದರೆ ಕೋವಿ ಮತ್ತೆ ಪರೀಕ್ಷಾಲಯಕ್ಕೆ ಹೋಗಬೇಕು.

ಭಾರತದಲ್ಲಿ ಚಿತ್ರ ಬೇರೆ. 1972ರ ವನ್ಯಜೀವಿ ಕಾಯ್ದೆ ಬೇಟೆಯನ್ನು ನಿಲ್ಲಿಸಿತು. 1959ರ ಆಯುಧ ಕಾಯ್ದೆಯ 5ನೆಯ ಕಲಮಿನಂತೆ ಕೋವಿ ರಿಪೇರಿಯೂ ಲೈಸೆನ್ಸ್ ಇರುವವರ ಕೆಲಸ, 6ನೆಯ ಕಲಮಿನಂತೆ ಲೈಸೆನ್ಸ್ ಇಲ್ಲದೆ ನಳಿಗೆ ಮೊಟಕು ಮಾಡುವುದು ಅಪರಾಧ. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಕೋವಿ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ 2029ರವರೆಗೆ ಇದೆ, ಕೈಲ್‌ಪೋಳ್ದಿನಂದು ಕೋವಿಗೆ ಪೂಜೆಯೂ ಇದೆ. ಆದರೂ ಆ ವಿನಾಯಿತಿ ರಿಪೇರಿ ಅಂಗಡಿ ತೆರೆಯುವುದಕ್ಕಲ್ಲ. ಕೆಳಗಿನ ವಿವರಗಳಲ್ಲಿ ಲೋಹಕ್ಕೆ ಸಂಬಂಧಿಸಿದ್ದನ್ನು ಇಲ್ಲಿ ಓದುವವರು ಪರವಾನಗಿ ಇರುವ ಕೋವಿ ಕಮ್ಮಾರನ ಕೆಲಸವನ್ನು ಅಳೆಯುವುದಕ್ಕೆ ಬಳಸಿಕೊಳ್ಳಲಿ.

ಬಿಚ್ಚುವುದು, ತೊಳೆಯುವುದು

ಜರ್ಮನ್ ಕೋವಿಯ ಸ್ಕ್ರೂ ತಲೆಯ ಸೀಳು ಬಹಳ ತೆಳು. ಅಂಗಡಿಯ ಸ್ಕ್ರೂಡ್ರೈವರಿನ ತುದಿ ಬೆಣೆಯಾಕಾರ. ಅದು ಸೀಳಿನ ಮೇಲಂಚನ್ನು ಮಾತ್ರ ಹಿಡಿದು, ತಿರುಗಿಸಿದಾಗ ಕಿತ್ತು ಹಾಕುತ್ತದೆ. ತುದಿಯ ಎರಡೂ ಮುಖ ಸಮಾನಾಂತರ ಇರುವ ಹಾಗೆ ಒಂದೊಂದು ಸ್ಕ್ರೂಗೂ ಅಳತೆ ನೋಡಿ ಉಜ್ಜಿಕೊಳ್ಳಬೇಕು. ಅಗಲ ಸೀಳಿನಷ್ಟೇ, ದಪ್ಪ ಬಿಗಿಯಾಗಿ ಕೂರುವಷ್ಟು. ಹಿಡಿದ ಸ್ಕ್ರೂಗೆ ಅಸಿಟೋನ್ ಮತ್ತು ಗೇರ್ ಎಣ್ಣೆ ಸಮಸಮ ಬೆರೆಸಿ ಹನಿ ಹಾಕಿ ಎರಡು ಮೂರು ದಿನ ಬಿಡಿ. ಬಗ್ಗದಿದ್ದರೆ ಬೆಸುಗೆ ಕಡ್ಡಿಯ ಬಿಸಿ ತುದಿಯನ್ನು ಸ್ಕ್ರೂ ತಲೆಗೆ ಮಾತ್ರ ಒತ್ತಿ ಹಿಡಿಯಿರಿ. ಗ್ಯಾಸ್ ಜ್ವಾಲೆ ಬೇಡ: ಚೌಕಟ್ಟಿನ ಮೇಲ್ಮೈಯಲ್ಲಿರುವ ಗಡಸು ಪದರ ತೆಳ್ಳಗಿನದು, ಅದರ ಬಣ್ಣವೂ ಗಡಸುತನವೂ ಒಮ್ಮೆ ಹೋದರೆ ಬರುವುದಿಲ್ಲ. ಅದೇ ಕಾರಣಕ್ಕೆ ಚೌಕಟ್ಟಿಗೆ ಪಾಲಿಶ್ ಕೂಡ ಬೇಡ. ಪ್ರತಿ ಸ್ಕ್ರೂವನ್ನೂ ರಟ್ಟಿನ ಮೇಲೆ ಕೋವಿಯ ಚಿತ್ರ ಬರೆದು ಅದರದೇ ತೂತಿನಲ್ಲಿ ಚುಚ್ಚಿಡಿ. ನೋಡಲು ಒಂದೇ ಥರ ಇರುವ ಎರಡು ಸ್ಕ್ರೂಗಳು ಸೀಳು ನೇರ ನಿಲ್ಲುವ ಹಾಗೆ ಒಂದೊಂದು ತೂತಿಗೇ ಹೊಂದಿಸಿದವು.

ಒಳಗೆ ಮೂರು ಲಾಕ್ (ಈಡು ಹೊಡೆಯುವ ಯಂತ್ರ), ಮೂರು ಮುಖ್ಯ ಸ್ಪ್ರಿಂಗ್. ಎರಡು ವಿನ್ಯಾಸ ಹೆಚ್ಚು: ಲಾಕ್‌ಗಳು ಚೌಕಟ್ಟಿನಲ್ಲಿ ಕೂರುವ ಆನ್ಸನ್–ಡೀಲಿ, ಟ್ರಿಗರ್ ಹಲಗೆಯ ಮೇಲೆ ಕೂರುವ ಬ್ಲಿಟ್ಸ್. ‘ವಿ’ ಆಕಾರದ ಸ್ಪ್ರಿಂಗನ್ನು ಅದರದೇ ಚಿಮಟದಲ್ಲಿ ಹಿಡಿದು ಒತ್ತಿಯೇ ತೆಗೆಯಬೇಕು. ಇಕ್ಕಳದಲ್ಲಿ ಹಿಡಿದರೆ ಗೀರು ಬೀಳುತ್ತದೆ, ಸ್ಪ್ರಿಂಗ್ ಮುಂದೆ ಅಲ್ಲೇ ಮುರಿಯುತ್ತದೆ. ಹಳೆಯ ಎಣ್ಣೆ ಒಣಗಿ ಜೇನುಬಣ್ಣದ ಅಂಟಾಗಿರುತ್ತದೆ. ‘ಲಾಕ್ ಹೋಗಿದೆ’ ಎಂದು ಕಡಿಮೆ ಬೆಲೆಗೆ ಮಾರುವ ಕೋವಿಗಳಲ್ಲಿ ಎಷ್ಟೋ ಸಲ ಇರುವ ದೋಷ ಈ ಅಂಟು ಮಾತ್ರ. ಸೀಮೆಎಣ್ಣೆಯಲ್ಲಿ ಒಂದು ರಾತ್ರಿ ನೆನೆಸಿ, ಮೆದು ಬ್ರಷ್ಷಿನಲ್ಲಿ ತೊಳೆದು, ಒಣಗಿಸಿ, ತೆಳು ಎಣ್ಣೆಯ ಒಂದೊಂದೇ ಹನಿ ಹಾಕಿದರೆ ಸಾಕು.

ಡ್ರಿಲ್ಲಿಂಗಿನ ವಿಶೇಷ ಅಂಗ ಸ್ಟಾಕಿನ ಕತ್ತಿನ ಮೇಲಿರುವ ಜಾರು ಗುಂಡಿ. ಸುಮ್ಮನಿದ್ದಾಗ ಮುಂದಿನ ಟ್ರಿಗರ್ ಬಲ ಚರೆ ನಳಿಗೆಯದು. ಗುಂಡಿಯನ್ನು ಮುಂದಕ್ಕೆ ತಳ್ಳಿದರೆ ಅದೇ ಟ್ರಿಗರ್ ರೈಫಲ್ ನಳಿಗೆಗೆ ಹೋಗುತ್ತದೆ. ಜೊತೆಗೆ ಪಟ್ಟಿಯೊಳಗೆ ಹಾದುಹೋಗುವ ಸಣ್ಣ ಸರಳು ಗುರಿಗಣ್ಣಿನ ಎಲೆಯನ್ನು ಎತ್ತಿ ನಿಲ್ಲಿಸುತ್ತದೆ. ಎಲೆ ಎದ್ದಿದ್ದರೆ ರೈಫಲ್, ಮಲಗಿದ್ದರೆ ಚರೆ. ಕತ್ತಲಲ್ಲೂ ಹೆಬ್ಬೆರಳಿಗೆ ತಿಳಿಯುವ ವ್ಯವಸ್ಥೆ. ಗುಂಡಿ ಸರಿದರೂ ಎಲೆ ಏಳದಿದ್ದರೆ ಸರಳಿನ ಸುರಂಗದಲ್ಲಿ ಎಣ್ಣೆ ಒಣಗಿದೆ ಅಥವಾ ತುಕ್ಕು ಹಿಡಿದಿದೆ. ಎಲೆಯನ್ನು ಚಾಕುವಿನಿಂದ ಮೀಟಬೇಡಿ, ಅದರ ಕೀಲು ಸೂಜಿಯಷ್ಟು ತೆಳು. ನಳಿಗೆಯನ್ನು ನೆಟ್ಟಗೆ ನಿಲ್ಲಿಸಿ ಸುರಂಗದ ಬಾಯಿಗೆ ದಿನಕ್ಕೆರಡು ಹನಿ ಸೀಮೆಎಣ್ಣೆ ಬಿಟ್ಟು ಕಾಯಿರಿ.

ಮುಂದಿನ ಟ್ರಿಗರನ್ನು ಮುಂದಕ್ಕೆ ಒತ್ತಿದರೆ ‘ಟಿಕ್’ ಎಂದು ಸೂಕ್ಷ್ಮ ಸ್ಥಿತಿಗೆ ಕೂರುತ್ತದೆ. ಆಮೇಲೆ ಬೆರಳು ಸೋಕಿದರೆ ಸಾಕು. ಟ್ರಿಗರನ್ನು ಹಿಡಿದಿಡುವ ಹಲ್ಲು ಸವೆದಿದ್ದರೆ ಇದೇ ಅಪಾಯ. ಖಾಲಿ ಕೋವಿಯಲ್ಲಿ ಅಣಕು ತೋಟಾ ಹಾಕಿ, ಟ್ರಿಗರ್ ಕೂರಿಸಿ, ಸ್ಟಾಕಿನ ಬುಡಕ್ಕೆ ರಬ್ಬರ್ ಸುತ್ತಿಗೆಯಲ್ಲಿ ತಟ್ಟಿ ನೋಡಿ. ಅದು ತಾನಾಗಿ ಬೀಳಕೂಡದು. ಬಿದ್ದರೆ ಹೊಂದಿಸುವ ಸಣ್ಣ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿ ಮತ್ತೆ ನೋಡಬೇಕು. ಆಗಲೂ ಬಿದ್ದರೆ ಹಲ್ಲು ಹೊಸದಾಗಬೇಕು. ಬರಿ ಛೇಂಬರಿನ ಮೇಲೆ ಟ್ರಿಗರ್ ಎಳೆಯುತ್ತ ಕೂರಬೇಡಿ, ಕೇಪಿಗೆ ಬಡಿಯುವ ಹಳೆಯ ಪಿನ್‌ಗಳು ತಮ್ಮ ಕತ್ತಿನಲ್ಲಿ ಮುರಿಯುತ್ತವೆ.

ನಳಿಗೆಯ ಬಣ್ಣ

ಹಳೆಯ ಕಪ್ಪು ಬಣ್ಣ ಅರ್ಧಕ್ಕಿಂತ ಹೆಚ್ಚು ಉಳಿದಿದ್ದರೆ ಮುಟ್ಟದಿರುವುದೇ ಲೇಸು. ತೀರಾ ಹೋಗಿದ್ದರೆ ಮಾತ್ರ ಹೊಸದು.

ಇಂದಿನ ರೈಫಲ್‌ಗಳಿಗೆ ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟ್ ಉಪ್ಪಿನ ಸುಮಾರು 140 ಡಿಗ್ರಿಯ ದ್ರಾವಣದಲ್ಲಿ ಅದ್ದಿ ಬಣ್ಣ ಬರಿಸುತ್ತಾರೆ. ತವರ ಸೀಸದ ಬೆಸುಗೆ ಕರಗುವುದು 183 ಡಿಗ್ರಿಯ ಮೇಲೆ. ಹಾಗಾಗಿ ಪರವಾಗಿಲ್ಲ ಎಂದು ಲೆಕ್ಕ ಹಾಕಿದವರು ಕೋವಿ ಕಳೆದುಕೊಂಡಿದ್ದಾರೆ. ಇಲ್ಲಿ ಬೆಸುಗೆ ಬಿಸಿಗೆ ಕರಗುವುದಲ್ಲ, ಕಾಸ್ಟಿಕ್ ಅದನ್ನು ತಿನ್ನುತ್ತದೆ. ಮೇಲಾಗಿ ಮೂರು ನಳಿಗೆಗಳ ನಡುವಿನ ಟೊಳ್ಳಿಗೆ ನುಗ್ಗಿದ ಉಪ್ಪು ಹೊರಬರುವುದಿಲ್ಲ. ತಿಂಗಳುಗಳ ಬಳಿಕ ಪಟ್ಟಿಯ ಅಂಚಿನಲ್ಲಿ ಬಿಳಿ ಪುಡಿ ಒಸರುತ್ತದೆ, ಒಂದು ದಿನ ಪಟ್ಟಿ ಎದ್ದು ಬರುತ್ತದೆ.

ಡ್ರಿಲ್ಲಿಂಗಿಗೆ ಸರಿಯಾದದ್ದು ಹಳೆಯ ತುಕ್ಕು ವಿಧಾನ. ನಳಿಗೆಯನ್ನು ಮರದ ತುಂಡಿಗೆ ಸುತ್ತಿದ ಎಮೆರಿ ಕಾಗದದಿಂದ ಉದ್ದುದ್ದಕ್ಕೆ ಮಾತ್ರ ಉಜ್ಜಿ 320 ಅಥವಾ 400ರ ನುಣುಪಿಗೆ ತನ್ನಿ. ತಿರುಗುವ ಬಟ್ಟೆ ಚಕ್ರ ಬೇಡ, ಅದು ಅಂಚುಗಳನ್ನು ಮೊಂಡು ಮಾಡಿ ಅಕ್ಷರ ಮತ್ತು ಮುದ್ರೆಗಳನ್ನು ಮಸುಕಾಗಿಸುತ್ತದೆ. ಅಸಿಟೋನಿನಲ್ಲಿ ಜಿಡ್ಡು ತೆಗೆದ ಮೇಲೆ ಬರಿಗೈ ಸೋಕಬಾರದು. ನಳಿಗೆಯ ಒಳಗೆ ಅರಗಿನ ವಾರ್ನಿಷ್ ಬಳಿದು ಕಾಪಾಡಿ. ಎರಡೂ ಬಾಯಿಗೆ ಬೆಣೆ ಹೊಡೆದು ಕುದಿಸಿದರೆ ಒಳಗಿನ ಗಾಳಿ ಹಿಗ್ಗಿ ಬೆಣೆ ಹಾರುತ್ತದೆ, ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ.

ತುಕ್ಕು ಹಿಡಿಸುವ ಆಮ್ಲದ ದ್ರಾವಣದಲ್ಲಿ ಹತ್ತಿ ಅದ್ದಿ, ಹಿಂಡಿ, ಒದ್ದೆ ಅನ್ನಿಸದಷ್ಟು ತೆಳ್ಳಗೆ ಒಂದೇ ಎಳೆತದಲ್ಲಿ ಸವರಿ. ತೇವ ಇರುವ ಪೆಟ್ಟಿಗೆಯಲ್ಲಿ ಕೆಲವು ಗಂಟೆ ತೂಗುಹಾಕಿದರೆ ಮೈಮೇಲೆಲ್ಲ ನುಣ್ಣನೆ ಕಿತ್ತಳೆ ತುಕ್ಕು ಮೂಡುತ್ತದೆ. ಮಲೆನಾಡಿನ ಮಳೆಗಾಲದಂಥ ಹವೆ ಇದ್ದರೆ ಪೆಟ್ಟಿಗೆಯೇ ಬೇಡ. ಬಳಿಕ ಬಟ್ಟಿ ಇಳಿಸಿದ ನೀರಿನಲ್ಲಿ 15 ನಿಮಿಷ ಕುದಿಸಿ. ಕೆಂಪು ತುಕ್ಕು ಕಪ್ಪು ಮ್ಯಾಗ್ನೆಟೈಟ್ ಆಗಿ ಮಾರ್ಪಡುವುದು ಕಣ್ಣೆದುರೇ ಕಾಣುತ್ತದೆ. ನಲ್ಲಿ ನೀರಾದರೆ ಸುಣ್ಣದ ಕಲೆ ಕೂರುತ್ತದೆ. ಮೇಲೆ ನಿಂತ ಮಸಿಯನ್ನು ಜಿಡ್ಡು ತೆಗೆದ ಅತಿ ನವಿರಾದ ಉಕ್ಕಿನ ನಾರಿನಿಂದ ಉಜ್ಜಿ ತೆಗೆಯಿರಿ. ಮೊದಲ ಸಲ ಬೂದು ಬಣ್ಣ, ಮೂರನೆಯದಕ್ಕೆ ಹೊಗೆ ಬಣ್ಣ, ಆರರಿಂದ ಹತ್ತು ಸಲಕ್ಕೆ ಆಳವಾದ ನೀಲಿಗಪ್ಪು. ಕೊನೆಗೆ ಅಡುಗೆ ಸೋಡಾ ಬೆರೆಸಿದ ಬಿಸಿನೀರಲ್ಲಿ ಅದ್ದಿ ಆಮ್ಲ ಕೊಂದು, ಬಿಸಿಯಿದ್ದಾಗಲೇ ಎಣ್ಣೆಯಲ್ಲಿ ಮುಳುಗಿಸಿ ಒಂದು ದಿನ ಬಿಡಿ.

ಮೊದಲ ಸಲ ಕುದಿಯುವ ನೀರಿಗೆ ಇಳಿಸಿದಾಗ ಪಟ್ಟಿಯ ಅಂಚನ್ನು ಗಮನಿಸಿ. ಒಂದೇ ಜಾಗದಿಂದ ಗುಳ್ಳೆಗಳ ಸಾಲು ಏಳುತ್ತಿದ್ದರೆ ಅಲ್ಲಿ ಬೆಸುಗೆ ಬಿಟ್ಟಿದೆ. ಕಿವಿಗೆ ಸಿಗದ ದೋಷ ಇಲ್ಲಿ ಸಿಗುತ್ತದೆ. ಕೆಲಸ ಅಲ್ಲಿಗೇ ನಿಲ್ಲಿಸಿ. ಮರುಬೆಸುಗೆ ನುರಿತವರದು, ಏಕೆಂದರೆ ನಳಿಗೆಗಳ ಕೋನವನ್ನು ಬೆಣೆಯಿಟ್ಟು ಹೊಂದಿಸಿರುತ್ತಾರೆ. ಬೆಸುಗೆ ಸಡಿಲಿಸಿದರೆ ಗುಂಡು, ಚರೆ ಒಂದೇ ಕಡೆ ಬೀಳುವ ಹೊಂದಾಣಿಕೆ ಹೋಗಬಹುದು.

ಮರ ಮತ್ತು ಕೊಂಬು

ಸ್ಟಾಕ್ ಆಕ್ರೋಟು ಮರದ್ದು. ಮೂರು ಲಾಕ್, ಜಾರು ಗುಂಡಿ ಎಲ್ಲಕ್ಕೂ ಜಾಗ ಕೊರೆದಿರುವುದರಿಂದ ಕತ್ತಿನ ಬಳಿ ಮರ ತೆಳು, ಬಿರುಕು ಬಿಡುವುದು ಅಲ್ಲೇ. ದಶಕಗಳ ಕಾಲ ಇಳಿದ ಎಣ್ಣೆ ಅಲ್ಲಿನ ಮರವನ್ನು ಕಪ್ಪಾಗಿಸಿ ಮೆತ್ತಗೆ ಮಾಡಿರುತ್ತದೆ. ಎಣ್ಣೆ ತೆಗೆಯದೆ ಅಂಟು ಹಾಕಿದರೆ ಹಿಡಿಯುವುದಿಲ್ಲ. ಸೀಮೆಸುಣ್ಣದ ನುಣುಪು ಪುಡಿಯನ್ನು ಅಸಿಟೋನಿನಲ್ಲಿ ಕಲಸಿ ದಪ್ಪಗೆ ಮೆತ್ತಿ ಒಣಗಲು ಬಿಡಿ. ಎಣ್ಣೆ ಹೀರಿ ಪುಡಿ ಕಂದಾಗುತ್ತದೆ. ಕಂದು ಬರುವುದು ನಿಲ್ಲುವವರೆಗೆ ನಾಲ್ಕೈದು ಸಲ. ಆಮೇಲೆ ಬಿರುಕನ್ನು ಹದವಾಗಿ ಅಗಲಿಸಿ ತೆಳು ಎಪಾಕ್ಸಿ ಇಳಿಸಿ ಬಿಗಿಯಿರಿ.

ತಗ್ಗುಗಳನ್ನು ಮರಳು ಕಾಗದದಲ್ಲಿ ಉಜ್ಜಿ ಸಮ ಮಾಡುವುದು ದೊಡ್ಡ ತಪ್ಪು. ಮರ ಲೋಹದ ಅಂಚಿಗಿಂತ ಕೆಳಗೆ ಇಳಿದರೆ ಮತ್ತೆ ಏರಿಸಲು ಬರುವುದಿಲ್ಲ. ಒದ್ದೆ ಬಟ್ಟೆ ಇಟ್ಟು ಇಸ್ತ್ರಿ ಪೆಟ್ಟಿಗೆ ಒತ್ತಿದರೆ ಹಬೆಗೆ ನಾರು ತಾನೇ ಉಬ್ಬುತ್ತದೆ. ಮೇಲೆ ಅಗಸೆ ಎಣ್ಣೆಯನ್ನು ಅಂಗೈಯಲ್ಲಿ ತೆಳ್ಳಗೆ ತಿಕ್ಕಿ, ಒಂದೊಂದು ಪದರ ಪೂರ್ತಿ ಒಣಗಿದ ಮೇಲೆ ಮುಂದಿನದು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಹೊತ್ತಿಕೊಳ್ಳುತ್ತದೆ, ಹರವಿ ಒಣಗಿಸಿ.

ಟ್ರಿಗರ್ ಸುತ್ತಲಿನ ಬಳೆ ಎಷ್ಟೋ ಡ್ರಿಲ್ಲಿಂಗ್‌ಗಳಲ್ಲಿ ಎಮ್ಮೆ ಕೊಂಬಿನದು. ಉಣ್ಣೆ ಬಟ್ಟೆ ತಿನ್ನುವ ಹುಳುಗಳು ಕೊಂಬನ್ನೂ ಕೊರೆಯುತ್ತವೆ. ತೂತುಗಳಿಗೆ ಕೊಂಬಿನ ಪುಡಿ ಬೆರೆಸಿದ ಎಪಾಕ್ಸಿ ತುಂಬಿ ಉಜ್ಜಿದರೆ ಗುರುತೇ ಸಿಗದು.

ಮೊದಲ ಈಡು

ರಿಪೇರಿಯಲ್ಲಿ ಲೋಹದ ಕೆಲಸ ಏನೇ ಆಗಿದ್ದರೂ ಮೊದಲ ಈಡು ಪರೀಕ್ಷಾಲಯದ್ದಾಗಲಿ. ಅಲ್ಲಿ ರೈಫಲ್ ನಳಿಗೆಯನ್ನು ಅದರ ತೋಟಾದ ಗರಿಷ್ಠ ಮಿತಿಗಿಂತ 25 ಶೇಕಡಾ ಹೆಚ್ಚಿನ ಒತ್ತಡದಲ್ಲಿ ಹೊಡೆದು ನೋಡುತ್ತಾರೆ.

ಗುರಿ ಹೊಂದಿಸುವಾಗ ತಣ್ಣನೆಯ ನಳಿಗೆಯಿಂದ ಒಂದೇ ಈಡು ಹೊಡೆದು ಹತ್ತು ನಿಮಿಷ ಕಾಯಬೇಕು. ಸಾಲಾಗಿ ಹೊಡೆದರೆ ಕೆಳಗಿನ ನಳಿಗೆ ಮಾತ್ರ ಬಿಸಿಯಾಗಿ ಉದ್ದವಾಗುತ್ತದೆ. ಮೇಲಿನ ಎರಡು ತಣ್ಣಗಿರುವುದರಿಂದ ಇಡೀ ಜೋಡಣೆ ಮೇಲಕ್ಕೆ ಬಾಗುತ್ತದೆ, ಪ್ರತಿ ಗುಂಡೂ ಹಿಂದಿನದಕ್ಕಿಂತ ಎತ್ತರಕ್ಕೆ ಬೀಳುತ್ತದೆ. ಜರ್ಮನ್ ಬೇಟೆಗಾರರು ಇದಕ್ಕೆ ಹತ್ತುವುದು ಎನ್ನುತ್ತಾರೆ. ಇದು ದೋಷವಲ್ಲ, ಬೆಸೆದ ನಳಿಗೆಗಳ ಸ್ವಭಾವ. ಮೂರು ತಣ್ಣನೆಯ ಈಡುಗಳು ಒಂದೇ ಕಡೆ ಬಿದ್ದರೆ ಕೋವಿ ಸರಿಯಿದೆ.

ಕಪಾಟಿನಲ್ಲಿ ಇಡುವಾಗ ಬಾಯಿ ಕೆಳಗೆ ಮಾಡಿ, ಅಡಿಗೆ ಒಂದು ತುಂಡು ಬಟ್ಟೆ ಹಾಕಿ ನಿಲ್ಲಿಸಿ. ಹೆಚ್ಚಾದ ಎಣ್ಣೆ ಬಾಯಿಯಿಂದ ಬಟ್ಟೆಗೆ ಇಳಿಯುತ್ತದೆ. ಸ್ಟಾಕಿನ ಮೇಲೆ ನಿಲ್ಲಿಸಿದರೆ ಅದೇ ಎಣ್ಣೆ ಲಾಕ್‌ಗಳ ಮೂಲಕ ಈಗಷ್ಟೇ ಒಣಗಿಸಿದ ಕತ್ತಿನ ಮರಕ್ಕೆ ಇಳಿಯುತ್ತದೆ.